ಸೋರುವ ತೊಟ್ಟಿ: ದೇಹಕ್ಷಮತೆಯಲ್ಲಿ ಹುರುಪು ಮತ್ತು ಶಿಸ್ತಿನ ಪಾತ್ರ

ಒಮ್ಮೆ ಈಜು ಕಲಿತವನು ಹತ್ತು ವರ್ಷ ನೀರಿಗಿಳಿಯದಿದ್ದರೂ ಈಜನ್ನು ಮರೆಯುವುದಿಲ್ಲ. ಬಾಲ್ಯದಲ್ಲಿ ಬೈಸಿಕಲ್ ಸವಾರಿ ಕಲಿತವನು ಮುಪ್ಪಿನಲ್ಲಿಯೂ ಬೈಸಿಕಲ್ ಹತ್ತಬಲ್ಲನು. ಆದರೆ ಅದೇ ಈಜುಗಾರನು ಹತ್ತು ವರ್ಷಗಳ ಅನಂತರ ಕೆರೆಯ ಆಚೆಯ ದಡವನ್ನು ಮುಟ್ಟಲು ಹೊರಟರೆ ನಡುನೀರಿನಲ್ಲಿಯೇ ಅವನಿಗೆ ಏದುಸಿರು ಬರುತ್ತದೆ. ಈಜುವ ಬಗೆ ಕೈಕಾಲುಗಳಿಗೆ ನೆನಪಿದೆ. ಈಜುವುದಕ್ಕೆ ಬೇಕಾದ ಕಸುವು ಮಾತ್ರ ಇಲ್ಲ. ಕೌಶಲ ಉಳಿಯಿತು, ಕ್ಷಮತೆ ಹೋಯಿತು. ಎರಡೂ ಒಂದೇ ದೇಹದಲ್ಲಿ, ಒಂದೇ ಬಗೆಯ ಶ್ರಮದಿಂದ ಗಳಿಸಿದವುಗಳೇ ಆದರೂ ಒಂದು ಬಾಳುತ್ತದೆ, ಇನ್ನೊಂದು ಸೋರಿಹೋಗುತ್ತದೆ.

ಈ ಸಂಗತಿ ಪ್ರೌಢಶಾಲೆಯ ಮತ್ತು ಕಾಲೇಜಿನ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಸಂಬಂಧಿಸಿದುದು. ಶಾಲೆಯಲ್ಲಿ ಆಟದ ಅವಧಿಯೆಂಬುದೊಂದುಂಟು. ಗಂಟೆ ಬಾರಿಸಿದೊಡನೆ ಇಷ್ಟವಿದ್ದವನೂ ಇಲ್ಲದವನೂ ಬಯಲಿಗೆ ಹೋಗಲೇಬೇಕು. ಕಾಲೇಜಿಗೆ ಬಂದಮೇಲೆ ಆ ಗಂಟೆ ನಿಂತುಹೋಗುತ್ತದೆ. ಪಿ.ಯು.ಸಿ. ಪರೀಕ್ಷೆ, ಪ್ರವೇಶ ಪರೀಕ್ಷೆ, ಪದವಿ, ಉದ್ಯೋಗ ಇವು ಒಂದರ ಹಿಂದೊಂದು ಬರುತ್ತವೆ. ಕಬಡ್ಡಿಯಲ್ಲಿ ತಾಲ್ಲೂಕಿಗೇ ಹೆಸರಾಗಿದ್ದ ಹುಡುಗನು ಮೂವತ್ತನೆಯ ವಯಸ್ಸಿನಲ್ಲಿ ಎರಡು ಮಹಡಿ ಹತ್ತಿ ಗೋಡೆ ಹಿಡಿದು ನಿಲ್ಲುವುದನ್ನು ನಾವೆಲ್ಲರೂ ಕಂಡಿದ್ದೇವೆ. ವ್ಯಾಯಾಮದ ಪ್ರಯೋಜನ ಅವನಿಗೆ ತಿಳಿಯದೆಂದಲ್ಲ. ಮನಸ್ಸಿಲ್ಲವೆಂದೂ ಅಲ್ಲ, ಪ್ರತಿ ಜನವರಿಯಲ್ಲಿಯೂ ಅವನು ಹೊಸ ಬೂಟುಗಳನ್ನು ಕೊಳ್ಳುತ್ತಾನೆ. ತಿಳಿವಳಿಕೆಯೂ ಹುರುಪೂ ಎರಡೂ ಇದ್ದು ಕ್ಷಮತೆ ಉಳಿಯದಿದ್ದರೆ ಕೊರತೆಯಾದುದು ಯಾವುದು? ಈ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಇದನ್ನೇ. ಉಪದೇಶಕ್ಕೆ ಮೊದಲು ಸ್ವಲ್ಪ ಭೌತವಿಜ್ಞಾನ ಅವಶ್ಯಕ.

ದೇಹವು ಕೆಲಸ ಮಾಡಬೇಕಾದರೆ ಆಹಾರವು ಆಮ್ಲಜನಕದೊಡನೆ ಸೇರಿ ಶಕ್ತಿಯನ್ನು ಬಿಡುಗಡೆ ಮಾಡಬೇಕು. ಒಂದು ಲೀಟರು ಆಮ್ಲಜನಕವನ್ನು ಬಳಸಿಕೊಂಡಾಗ ಸುಮಾರು 20 ಕಿಲೋಜೂಲ್ ಶಕ್ತಿ ಹೊರಬರುತ್ತದೆ. ಆದುದರಿಂದ, ಒಬ್ಬನು ಪೂರ್ಣ ಶ್ರಮದಲ್ಲಿರುವಾಗ ಒಂದು ನಿಮಿಷಕ್ಕೆ ಎಷ್ಟು ಲೀಟರು ಆಮ್ಲಜನಕವನ್ನು ಬಳಸಬಲ್ಲನೆಂಬುದು ಅವನ ದಮ್ಮಿಗೆ ಒಳ್ಳೆಯ ಅಳತೆಗೋಲಾಗುತ್ತದೆ. ಶ್ವಾಸಕೋಶ, ಹೃದಯ, ರಕ್ತ, ಸ್ನಾಯು ಇವೆಲ್ಲವುಗಳ ಒಟ್ಟು ಸಾಮರ್ಥ್ಯವೂ ಈ ಒಂದು ಸಂಖ್ಯೆಯಲ್ಲಿ ಅಡಗಿದೆ. ಉದಾಹರಣೆಗೆ, ನಿಮಿಷಕ್ಕೆ 3.3 ಲೀಟರು ಬಳಸಬಲ್ಲವನ ದೇಹದಲ್ಲಿ ನಿಮಿಷಕ್ಕೆ 66 ಕಿಲೋಜೂಲ್, ಎಂದರೆ ಸೆಕೆಂಡಿಗೆ 1,100 ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಇದರಲ್ಲಿ ಐದನೆಯ ಒಂದರಿಂದ ನಾಲ್ಕನೆಯ ಒಂದು ಭಾಗ ಮಾತ್ರ ಕೆಲಸವಾಗಿ ಪರಿಣಮಿಸಿ ಮಿಕ್ಕುದು ಶಾಖವಾಗುವುದರಿಂದ, ಅವನು ಬೈಸಿಕಲ್ ತುಳಿಯುವಾಗ ಹೆಚ್ಚೆಂದರೆ 220ರಿಂದ 275 ವಾಟ್ ಹೊರಗೆಡಹಬಲ್ಲನು. ಓಡುವಾಗ ಮೈ ಬಿಸಿಯಾಗುವುದೇಕೆಂಬುದೂ ಇದರಿಂದ ತಿಳಿಯುತ್ತದೆ.

ಮೂರು ವಾರ ಮತ್ತು ಮೂವತ್ತು ವರ್ಷ

ಈ ಅಳತೆಗೋಲನ್ನು ಹಿಡಿದು 1966ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ಡಲ್ಲಾಸ್ ನಗರದಲ್ಲಿ ಒಂದು ಪ್ರಸಿದ್ಧ ಪ್ರಯೋಗ ನಡೆಯಿತು. ಇಪ್ಪತ್ತು ವರ್ಷದ ಆಸುಪಾಸಿನ ಆರೋಗ್ಯವಂತರಾದ ಐವರು ತರುಣರು ಮೂರು ವಾರಗಳ ಕಾಲ ಹಾಸಿಗೆ ಬಿಟ್ಟೇಳದೆ ಮಲಗಿದ್ದರು. ಕಾಯಿಲೆಯಿಲ್ಲ, ಉಪವಾಸವಿಲ್ಲ, ವಿಶ್ರಾಂತಿ ಮಾತ್ರ. ಮೊದಲು ನಿಮಿಷಕ್ಕೆ ಸರಾಸರಿ 3.3 ಲೀಟರಿದ್ದ ಅವರ ಗರಿಷ್ಠ ಆಮ್ಲಜನಕ ಬಳಕೆ ಎದ್ದು ನಿಲ್ಲುವ ವೇಳೆಗೆ ಸುಮಾರು 2.4 ಲೀಟರಿಗೆ ಇಳಿದಿತ್ತು. ಕಾಲುಭಾಗಕ್ಕಿಂತ ಹೆಚ್ಚು ಕಸುವು ಇಪ್ಪತ್ತೇ ದಿನಗಳಲ್ಲಿ ಮಾಯವಾಯಿತು. ಆಮೇಲೆ ಸುಮಾರು ಎಂಟು ವಾರಗಳ ಕಠಿನ ಸಾಧನೆಯಿಂದ ಅದು 3.9 ಲೀಟರಿಗೆ ಏರಿತು.

ಆಮೇಲೆ ನಡೆದುದು ಇನ್ನೂ ಕುತೂಹಲಕರ. ಮೂವತ್ತು ವರ್ಷಗಳು ಕಳೆದ ಮೇಲೆ, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆಸಿ ಪರೀಕ್ಷಿಸಲಾಯಿತು. ಅವರಿಗೆ ಆಗ ಐವತ್ತರ ವಯಸ್ಸು. ಸರಾಸರಿ ತೂಕ 77 ಕಿಲೋಗ್ರಾಮಿನಿಂದ 100 ಕಿಲೋಗ್ರಾಮಿಗೆ ಬೆಳೆದಿತ್ತು. ಆಮ್ಲಜನಕ ಬಳಕೆ 2.9 ಲೀಟರು. ಎಂದರೆ ಮೂವತ್ತು ವರ್ಷಗಳ ಮುಪ್ಪು ಕಸಿದುಕೊಂಡುದಕ್ಕಿಂತ ಮೂರು ವಾರಗಳ ಮಲಗಾಟ ಕಸಿದುಕೊಂಡುದೇ ಹೆಚ್ಚಾಗಿತ್ತು! ಅನಂತರ ಆರು ತಿಂಗಳು ಅವರಿಂದ ನಡಿಗೆ, ಮೆಲ್ಲೋಟ, ಬೈಸಿಕಲ್ ತುಳಿತ ಇವುಗಳನ್ನು ಕ್ರಮವಾಗಿ ಹೆಚ್ಚಿಸುತ್ತ ವಾರಕ್ಕೆ ಸುಮಾರು ನಾಲ್ಕೂವರೆ ಗಂಟೆಗಳವರೆಗೆ ಮಾಡಿಸಿದರು. ಐವತ್ತರ ದೇಹಗಳು ಇಪ್ಪತ್ತರ ಆರಂಭದ ಮಟ್ಟಕ್ಕೆ ಹಿಂತಿರುಗಿದುವು. 1966ರಲ್ಲಿ ಸಾಧನೆಯಿಂದ ಮುಟ್ಟಿದ್ದ 3.9ರ ಎತ್ತರವನ್ನು ಮಾತ್ರ ಅವು ಮುಟ್ಟಲಿಲ್ಲ. ಐವರೇ ಆದುದರಿಂದ ಪ್ರಯೋಗ ಚಿಕ್ಕದೆಂದು ಆಕ್ಷೇಪಿಸಬಹುದು. ಆದರೆ ಅದೇ ಮನುಷ್ಯರನ್ನು ಮೂವತ್ತು ವರ್ಷಗಳ ಅಂತರದಲ್ಲಿ ಅಳೆದ ಪ್ರಯೋಗಗಳು ವಿಜ್ಞಾನದಲ್ಲಿ ವಿರಳ.

ಇಲ್ಲಿಂದ ತೊಟ್ಟಿಯ ಉಪಮೆಗೆ ಬರೋಣ. ತಳದಲ್ಲಿ ಸಣ್ಣ ಬಿರುಕಿರುವ ಒಂದು ತೊಟ್ಟಿಯಿದೆ. ಪ್ರತಿರಾತ್ರಿಯೂ ಅದರಲ್ಲಿರುವ ನೀರಿನ ಹತ್ತನೆಯ ಒಂದು ಭಾಗ ಸೋರಿಹೋಗುತ್ತದೆಂದು ಇಟ್ಟುಕೊಳ್ಳಿ. ರಾಮನು ಮೊದಲನೆಯ ದಿನವೇ ಬಹು ಉತ್ಸಾಹದಿಂದ 60 ಕೊಡ ನೀರನ್ನು ಸುರಿದು ಮನೆಗೆ ಹೋಗುತ್ತಾನೆ. ಭೀಮನು ದಿನಕ್ಕೆ ಎರಡೇ ಕೊಡದಂತೆ 30 ದಿನ ಸುರಿಯುತ್ತಾನೆ. ಇಬ್ಬರೂ ಹೊತ್ತುದು 60 ಕೊಡಗಳನ್ನೇ. ರಾಮನ ತೊಟ್ಟಿಯಲ್ಲಿ ಏಳು ರಾತ್ರಿಗಳು ಕಳೆಯುವುದರೊಳಗಾಗಿ ಅರ್ಧಕ್ಕಿಂತ ಕಡಿಮೆ ನೀರು ಉಳಿಯುತ್ತದೆ. ಮೂವತ್ತನೆಯ ದಿನ ಮೂರು ಕೊಡವೂ ಇರುವುದಿಲ್ಲ. ಭೀಮನ ತೊಟ್ಟಿಯಲ್ಲಿ ಅದೇ ದಿನ 19 ಕೊಡಕ್ಕಿಂತ ಹೆಚ್ಚು ನೀರು ನಿಂತಿರುತ್ತದೆ. ಗುಣೋತ್ತರ ಶ್ರೇಢಿಯನ್ನು ಓದಿರುವ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಭೀಮನ ನೀರು ಎಷ್ಟು ದಿನ ಸುರಿದರೂ 20 ಕೊಡವನ್ನು ದಾಟದು. ಅಷ್ಟು ತುಂಬಿದಾಗ ರಾತ್ರಿ ಸೋರುವುದೂ ಎರಡು ಕೊಡ, ಹಗಲು ಸುರಿಯುವುದೂ ಎರಡು ಕೊಡ, ಆಯವ್ಯಯ ಸರಿಹೋಗುತ್ತದೆ.

ಹೀಗೆ ತೊಟ್ಟಿಯ ಮಟ್ಟವನ್ನು ನಿರ್ಧರಿಸುವುದು ಒಟ್ಟು ಎಷ್ಟು ಸುರಿದೆವೆಂಬುದಲ್ಲ, ಎಂಥ ಕ್ರಮದಲ್ಲಿ ಸುರಿಯುತ್ತಿದ್ದೇವೆಂಬುದು. ಕಂಡೆನ್ಸರಿನ ವಿದ್ಯುದಂಶ ಬರಿದಾಗುವಾಗಲೂ, ಬಿಸಿನೀರು ಆರುವಾಗಲೂ, ರೇಡಿಯಂ ಕ್ಷಯಿಸುವಾಗಲೂ ಕಾಣುವುದು ಇದೇ ವಕ್ರರೇಖೆ. ದೇಹದ ವಿಷಯದಲ್ಲಿಯೂ ಇದನ್ನು ಅಳೆದು ನೋಡಿದ್ದಾರೆ. ಅಮೆರಿಕದ ಕಾಯ್ಲ್ ಮತ್ತು ಅವರ ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಗಟ್ಟಲೆ ಸಾಧನೆ ಮಾಡಿದ್ದ ಓಟಗಾರರೂ ಬೈಸಿಕಲ್ ಸವಾರರೂ ಸಾಧನೆಯನ್ನು ನಿಲ್ಲಿಸಿದಾಗ ಅವರ ಆಮ್ಲಜನಕ ಬಳಕೆ ಮೊದಲ ಮೂರು ವಾರಗಳಲ್ಲಿ ನೂರಕ್ಕೆ 7ರಷ್ಟು ಇಳಿಯಿತು. ಎಂಟು ವಾರಗಳ ಹೊತ್ತಿಗೆ ನೂರಕ್ಕೆ 16ರಷ್ಟು ಇಳಿದು, ಬಳಿಕ ಹೆಚ್ಚಾಗಿ ಬದಲಾಗದೆ ನಿಂತಿತು.

ಸೋರುವಿಕೆಯ ಕಾರಣವನ್ನೂ ಒಂದು ಮಾತಿನಲ್ಲಿ ಹೇಳಬೇಕು. ದೇಹವು ಜಿಪುಣ ಗೃಹಸ್ಥನಂತೆ. ಬಳಸದ ವಸ್ತುವಿಗೆ ಅದು ಬಾಡಿಗೆ ಕೊಡುವುದಿಲ್ಲ. ಸಾಧನೆಯಿಂದ ಹೆಚ್ಚಿದ ರಕ್ತದ್ರವ, ಸ್ನಾಯುಕೋಶಗಳೊಳಗಿನ ಮೈಟೊಕಾಂಡ್ರಿಯ, ಸ್ನಾಯುವಿನ ಪ್ರೋಟೀನು ಇವುಗಳನ್ನು ಸುಸ್ಥಿತಿಯಲ್ಲಿಡಲು ನಿತ್ಯವೂ ಆಹಾರ ವೆಚ್ಚವಾಗುತ್ತದೆ. ಬೇಡಿಕೆ ನಿಂತರೆ ಅವುಗಳನ್ನು ಒಡೆದು ಬೇರೆ ಕೆಲಸಕ್ಕೆ ಉಪಯೋಗಿಸಿಕೊಳ್ಳುತ್ತದೆ. ರಕ್ತದ್ರವವು ದಿನಗಳಲ್ಲಿ ಕುಗ್ಗುತ್ತದೆ, ಮೈಟೊಕಾಂಡ್ರಿಯ ವಾರಗಳಲ್ಲಿ. ಸ್ನಾಯುಗಳ ಬಲ ಇವೆರಡಕ್ಕಿಂತ ನಿಧಾನವಾಗಿ. ಒಂದೇ ತೊಟ್ಟಿಯೆಂದು ನಾವು ಹೇಳಿದುದು ಸೌಕರ್ಯಕ್ಕಾಗಿ. ವಾಸ್ತವದಲ್ಲಿ ಬೇರೆ ಬೇರೆ ಬಿರುಕುಗಳುಳ್ಳ ಹಲವು ತೊಟ್ಟಿಗಳಿವೆ.

ಇನ್ನೊಂದು ವಿಷಯದಲ್ಲಿಯೂ ಈ ಉಪಮೆ ಸೋಲುತ್ತದೆ. ಸಂತೋಷದ ಸಂಗತಿಯೆಂದರೆ, ನಮಗೆ ಅನುಕೂಲವಾಗುವಂತೆ ಸೋಲುತ್ತದೆ. 1980ರ ದಶಕದ ಮೊದಲರ್ಧದಲ್ಲಿ ಹಿಕ್ಸನ್ ಎಂಬ ಅಮೆರಿಕದ ವಿಜ್ಞಾನಿಯೂ ಸಂಗಡಿಗರೂ ಕೆಲವರಿಗೆ ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷದಂತೆ ಹತ್ತು ವಾರ ಕಠಿನ ಸಾಧನೆ ಮಾಡಿಸಿದರು. ಅನಂತರದ ಹದಿನೈದು ವಾರಗಳಲ್ಲಿ ಸಾಧನೆಯ ದಿನಗಳನ್ನು ವಾರಕ್ಕೆ ನಾಲ್ಕಕ್ಕೆ ಅಥವಾ ಎರಡಕ್ಕೆ ಇಳಿಸಿದರು. ಆದರೂ ಆಮ್ಲಜನಕ ಬಳಕೆ ಇಳಿಯಲಿಲ್ಲ! ಮತ್ತೊಂದು ಪ್ರಯೋಗದಲ್ಲಿ ದಿನದ 40 ನಿಮಿಷವನ್ನು 13 ನಿಮಿಷಕ್ಕೆ ಇಳಿಸಿದಾಗಲೂ ಅದು ಉಳಿಯಿತು. ಶ್ರಮದ ತೀವ್ರತೆಯನ್ನು ತಗ್ಗಿಸಿದಾಗ ಮಾತ್ರ ಇಳಿಯಿತು. ಕ್ಷಮತೆಯನ್ನು ಗಳಿಸುವುದಕ್ಕಿಂತ ಉಳಿಸಿಕೊಳ್ಳುವುದು ಅಗ್ಗವೆಂದು ಇದರಿಂದ ತಿಳಿಯುತ್ತದೆ. ಪರೀಕ್ಷೆಯ ಕಾಲದಲ್ಲಿ ಆಟವನ್ನು ಸಂಪೂರ್ಣವಾಗಿ ತ್ಯಜಿಸುವ ವಿದ್ಯಾರ್ಥಿಗಳೂ ತ್ಯಜಿಸುವಂತೆ ಒತ್ತಾಯಿಸುವ ತಂದೆತಾಯಿಗಳೂ ಈ ಪ್ರಯೋಗವನ್ನು ಅವಶ್ಯವಾಗಿ ಗಮನಿಸಬೇಕು. ಮಾರ್ಚ್ ತಿಂಗಳಿನಲ್ಲಿ ವಾರಕ್ಕೆ ಎರಡು ಸಲ ಅರ್ಧ ಗಂಟೆ ಚುರುಕಾಗಿ ಓಡಿದವನಿಗೆ ಅಂಕಗಳಲ್ಲಿ ಯಾವ ನಷ್ಟವೂ ಆಗಲಾರದು. ಮೇ ತಿಂಗಳಿನಲ್ಲಿ ಅವನು ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ.

ಹುರುಪಿನ ಸ್ವಭಾವ

ದಿನಕ್ಕೆ ಎರಡು ಕೊಡ ಸುರಿಯುವ ಈ ಭೀಮನು ಯಾವುದರ ಬಲದಿಂದ ಸುರಿಯುತ್ತಾನೆಂಬುದು ಈಗಿನ ಪ್ರಶ್ನೆ. ಜನರು ಸಾಮಾನ್ಯವಾಗಿ ಕೊಡುವ ಉತ್ತರ, ಹುರುಪಿನಿಂದ ಎಂದು. ಆದುದರಿಂದಲೇ ವೀರರ ಚಿತ್ರಗಳನ್ನು ಗೋಡೆಗೆ ಅಂಟಿಸುವುದು, ಆವೇಶದ ಭಾಷಣಗಳನ್ನು ಕೇಳುವುದು, ಮೊಬೈಲಿನಲ್ಲಿ ಮೈಕಟ್ಟಿನ ಚಲಚ್ಚಿತ್ರಗಳನ್ನು ನೋಡುವುದು. ಹುರುಪನ್ನು ನಾವು ಹಳಿಯುವುದಿಲ್ಲ. ನಿಂತ ಗಾಡಿಯನ್ನು ಕದಲಿಸಲು ಉರುಳುತ್ತಿರುವ ಗಾಡಿಯನ್ನು ತಳ್ಳುವುದಕ್ಕಿಂತ ಹೆಚ್ಚು ಬಲ ಬೇಕೆಂಬುದನ್ನು ಘರ್ಷಣೆಯ ಪಾಠದಲ್ಲಿ ಓದಿದ್ದೇವೆ. ಆ ಮೊದಲ ನೂಕನ್ನು ಹುರುಪು ಕೊಡಬಲ್ಲುದು. ಆದರೆ ಅದಕ್ಕೆ ಏರಿಳಿತಗಳುಂಟು; ನಿದ್ದೆಗೆಟ್ಟರೆ ಇಳಿಯುತ್ತದೆ, ಮಳೆ ಬಂದರೆ ಇಳಿಯುತ್ತದೆ, ಗೆಳೆಯನು ನಕ್ಕರೆ ಇಳಿಯುತ್ತದೆ. ಮೇಲಾಗಿ ವ್ಯಾಯಾಮದ ಕಷ್ಟವು ಈ ಬೆಳಗಿನದು, ಅದರ ಫಲವಾದರೋ ವರ್ಷಗಳಾಚೆಯದು. ದೂರದ ದೊಡ್ಡ ಲಾಭಕ್ಕಿಂತ ಹತ್ತಿರದ ಸಣ್ಣ ಸುಖವನ್ನು ಹೆಚ್ಚೆಂದು ಎಣಿಸುವುದು ಮನಸ್ಸಿನ ಸಹಜ ಗುಣ. ಹೊದಿಕೆಯ ಬೆಚ್ಚಗೆ ಆಗಲೇ ಕೈಗೆ ಸಿಕ್ಕಿರುತ್ತದೆ. ಐವತ್ತನೆಯ ವಯಸ್ಸಿನ ಹೃದಯ ಕಣ್ಣಿಗೆ ಕಾಣಿಸುವುದಿಲ್ಲ.

ಬ್ರಿಟನ್ನಿನಲ್ಲಿ ಮಿಲ್ನ್, ಆರ್ಬೆಲ್, ಶೀರನ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ಸ್ಮರಣೀಯ. ಸುಮಾರು 250 ಮಂದಿ ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪುಗಳನ್ನಾಗಿ ಮಾಡಿದರು. ಮೊದಲನೆಯ ಗುಂಪಿಗೆ ಏನನ್ನೂ ಬೋಧಿಸಲಿಲ್ಲ. ಎರಡನೆಯದಕ್ಕೆ ಹೃದಯರೋಗದ ಅಪಾಯವನ್ನೂ ವ್ಯಾಯಾಮದ ಲಾಭವನ್ನೂ ವಿವರಿಸಿ ಹುರುಪು ತುಂಬಿದರು. ಮೂರನೆಯದಕ್ಕೆ ಅದರ ಜೊತೆಗೆ, ಮುಂದಿನ ವಾರ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಸ್ಥಳದಲ್ಲಿ ವ್ಯಾಯಾಮ ಮಾಡುವುದಾಗಿ ನಿಶ್ಚಯಿಸಿದ್ದೀರೆಂದು ಬರೆಯಿಸಿದರು. ವಾರ ಕಳೆದ ಮೇಲೆ ವಿಚಾರಿಸಿದರೆ, ಒಂದು ಸಲವಾದರೂ ವ್ಯಾಯಾಮ ಮಾಡಿದವರು ಮೊದಲನೆಯ ಗುಂಪಿನಲ್ಲಿ ನೂರಕ್ಕೆ 38, ಎರಡನೆಯದರಲ್ಲಿ 35, ಮೂರನೆಯದರಲ್ಲಿ 91! ಹುರುಪು ತುಂಬಿಸಿಕೊಂಡವರಿಗೆ ಮನಸ್ಸೇನೋ ಹೆಚ್ಚಾಗಿತ್ತು. ಕಾಲು ಮಾತ್ರ ಹೊಸ್ತಿಲು ದಾಟಲಿಲ್ಲ. ಒಂದು ವಾರದ ಪ್ರಯೋಗವಾದುದರಿಂದ ವರ್ಷಗಳ ಮಾತನ್ನು ಇದು ಹೇಳದು. ಆದರೆ ಸಂಕಲ್ಪಕ್ಕೆ ಕಾಲವನ್ನೂ ಸ್ಥಳವನ್ನೂ ಗೊತ್ತುಪಡಿಸಿದೊಡನೆ ಅದರ ಸ್ವರೂಪವೇ ಬದಲಾಗುವುದನ್ನು ತೋರಿಸುತ್ತದೆ.

ಹುರುಪೂ ಇಲ್ಲದೆ ಸಂಕಲ್ಪವೂ ಇಲ್ಲದೆ ಕ್ಷಮತೆಯನ್ನು ಉಳಿಸಿಕೊಂಡವರ ಕಥೆ ಇನ್ನೊಂದುಂಟು. ಎರಡನೆಯ ಮಹಾಯುದ್ಧದ ಅನಂತರ ಲಂಡನ್ನಿನಲ್ಲಿ ಜೆರಿ ಮಾರಿಸ್ ಎಂಬ ವೈದ್ಯವಿಜ್ಞಾನಿಯು ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ ನೋಡಿದನು. ಇಬ್ಬರೂ ಒಂದೇ ಬಸ್ಸಿನವರು, ಒಂದೇ ಬಗೆಯ ಸಂಸಾರದವರು. ಚಾಲಕನು ದಿನವೆಲ್ಲ ಕುಳಿತಿರುತ್ತಾನೆ; ನಿರ್ವಾಹಕನು ಚೀಟಿ ಕೊಡಲು ದಿನಕ್ಕೆ 500ರಿಂದ 750 ಮೆಟ್ಟಿಲುಗಳನ್ನು ಹತ್ತುತ್ತಾನೆ. 1953ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹೃದಯದ ರಕ್ತನಾಳಗಳ ರೋಗವು ನಿರ್ವಾಹಕರಲ್ಲಿ ಎಷ್ಟೋ ಕಡಿಮೆಯಾಗಿತ್ತು. ಅದರಿಂದ ಬರುವ ಹಠಾತ್ ಮರಣವಂತೂ ಚಾಲಕರಲ್ಲಿದ್ದುದರ ಅರ್ಧದಷ್ಟೇ ಇದ್ದಿತು. ಚಾಲಕರು ಕೆಲಸಕ್ಕೆ ಸೇರುವಾಗಲೇ ದಪ್ಪಗಿದ್ದಿರಬಾರದೇಕೆ ಎಂಬ ಸಂಶಯ ವಾಚಕರಿಗೆ ಬರಬಹುದು. ಮಾರಿಸನಿಗೂ ಬಂದಿತು. ಅವನು ಸಮವಸ್ತ್ರದ ದಾಖಲೆಗಳಿಂದ ಅವರ ಷರಾಯಿಗಳ ಸೊಂಟದ ಅಳತೆಗಳನ್ನು ತರಿಸಿ ನೋಡಿದನು. ಚಾಲಕರ ಸೊಂಟಗಳು ನಿಜವಾಗಿಯೂ ದೊಡ್ಡವಾಗಿದ್ದುವು. ಆದರೆ ಒಂದೇ ಅಳತೆಯ ಸೊಂಟದವರನ್ನು ಹೋಲಿಸಿದಾಗಲೂ ನಿರ್ವಾಹಕರೇ ಮೇಲಾಗಿದ್ದರು. ವಿಜ್ಞಾನಿಯು ತನ್ನ ತೀರ್ಮಾನವನ್ನು ತಾನೇ ಹೇಗೆ ಶಂಕಿಸಬೇಕೆಂಬುದಕ್ಕೆ ಈ ಷರಾಯಿಗಳ ಲೆಕ್ಕವನ್ನು ನಾವು ತರಗತಿಯಲ್ಲಿ ಉದಾಹರಿಸುವುದುಂಟು.

ಈ ನಿರ್ವಾಹಕರಲ್ಲಿ ಒಬ್ಬನಾದರೂ ಆರೋಗ್ಯಕ್ಕಾಗಿ ಮೆಟ್ಟಿಲು ಹತ್ತಿದನೇ? ಇಲ್ಲ, ಪ್ರಯಾಣಿಕನು ಮೇಲಿದ್ದನು, ಆದುದರಿಂದ ಹತ್ತಿದನು. ನಮ್ಮ ಅಜ್ಜಿಯರೂ ಹಾಗೆಯೇ. ಬೀಸುವ ಕಲ್ಲು, ಒರಳು, ಒನಕೆ, ಬಾವಿಯ ರಾಟೆ ಇವು ಅವರಿಗೆ ಪ್ರೇರಣೆಯನ್ನು ಕೇಳಲಿಲ್ಲ. ಅವರ ದುಡಿಮೆಯನ್ನು ನಾವು ಹಾಡಿ ಹೊಗಳುವುದಿಲ್ಲ. ಅದರಲ್ಲಿ ದಣಿವೂ ನೋವೂ ಬೇಕಾದಷ್ಟಿದ್ದುವು. ಆದರೆ ಯಂತ್ರಗಳು ಅದನ್ನು ತೆಗೆದುಹಾಕಿದಾಗ ತೊಟ್ಟಿಗೆ ತಾನಾಗಿ ಬೀಳುತ್ತಿದ್ದ ನೀರೂ ನಿಂತಿತು. ಈಗ ಅದನ್ನು ಬೇಕೆಂದೇ ತರಬೇಕಾಗಿದೆ. ನಿರ್ವಾಹಕನ ಮೆಟ್ಟಿಲಿನಂಥದೊಂದನ್ನು ನಮ್ಮ ದಿನದೊಳಕ್ಕೆ ನಾವೇ ಕಟ್ಟಿಕೊಳ್ಳಬೇಕು. ಶಿಸ್ತು ಎಂಬ ಮಾತನ್ನು ನಾವು ಈ ಅರ್ಥದಲ್ಲಿ ಬಳಸುತ್ತೇವೆ.

ಶಿಸ್ತು ಯುದ್ಧವಲ್ಲ

ಶಿಸ್ತೆಂದರೆ ಹಲ್ಲು ಕಚ್ಚಿಕೊಂಡು ದಿನಂಪ್ರತಿ ಮನಸ್ಸಿನೊಡನೆ ಕಾದಾಡುವುದೆಂದು ಅನೇಕರು ತಿಳಿದಿದ್ದಾರೆ. ಈ ತಿಳಿವಳಿಕೆಯೇ ಎಷ್ಟೋ ಮಂದಿಯನ್ನು ಸೋಲಿಸಿದೆಯೆಂದು ನಮ್ಮ ಅಭಿಪ್ರಾಯ. ದಿನವೂ ಕಾದಾಡಬೇಕಾದವನು ಎಂದಾದರೊಂದು ದಿನ ಸೋತೇ ಸೋಲುತ್ತಾನೆ. ಗಲ್ಲಾ ಮತ್ತು ಡಕ್‌ವರ್ತ್ ಎಂಬ ಅಮೆರಿಕದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಆತ್ಮಸಂಯಮದಲ್ಲಿ ಮುಂದಿರುವವರು ಆಸೆಗಳೊಡನೆ ಹೆಚ್ಚು ಸೆಣಸುವವರಲ್ಲವೆಂದೂ ಒಳ್ಳೆಯ ರೂಢಿಗಳನ್ನು ಬೆಳೆಸಿಕೊಂಡು ಸೆಣಸಾಟದ ಸಂದರ್ಭವನ್ನೇ ಕಡಿಮೆ ಮಾಡಿಕೊಂಡವರೆಂದೂ ಕಂಡುಬಂದಿದೆ. ಹೊರಗಿನವರಿಗೆ ಉಕ್ಕಿನ ಮನಸ್ಸಿನಂತೆ ಕಾಣುವುದು ಎಷ್ಟೋ ವೇಳೆ ಒಂದು ಒಳ್ಳೆಯ ವೇಳಾಪಟ್ಟಿಯಾಗಿರುತ್ತದೆ.

ರೂಢಿಯು ಬೆಳೆಯುವ ಬಗೆಯನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು ಅಳೆದರು. ಅವರ ವರದಿ 2010ರಲ್ಲಿ ಅಚ್ಚಾಯಿತು. 96 ಮಂದಿ ಸ್ವಯಂಸೇವಕರು ಒಂದೊಂದು ಕಾರ್ಯವನ್ನು ಆರಿಸಿಕೊಂಡು, ದಿನದ ಒಂದು ಗೊತ್ತಾದ ಘಟನೆಯ ಬೆನ್ನಿಗೆ ಅದನ್ನು ಹನ್ನೆರಡು ವಾರ ಮಾಡಿದರು. ಆ ಕಾರ್ಯ ಎಷ್ಟರಮಟ್ಟಿಗೆ ತಾನಾಗಿ ನಡೆಯುತ್ತಿದೆಯೆಂಬುದನ್ನು ನಿತ್ಯವೂ ಗುರುತು ಹಾಕಿದರು. ಬಹುಮಂದಿಯಲ್ಲಿ ದೊರೆತ ವಕ್ರರೇಖೆ ಮೊದಲು ಕಡಿದಾಗಿ ಏರಿ ಬರಬರುತ್ತ ಚಪ್ಪಟೆಯಾಗಿತ್ತು. ನಮ್ಮ ಭೀಮನ ತೊಟ್ಟಿ ತುಂಬುವ ರೇಖೆಯೂ ಅದೇ. ಚಪ್ಪಟೆಯಾಗುವ ಮಟ್ಟವನ್ನು ಮುಟ್ಟಲು ಹಿಡಿದ ಕಾಲದ ಮಧ್ಯಾಂಕ 66 ದಿನ. ಆದರೆ ಒಬ್ಬರಿಗೊಬ್ಬರಿಗೆ 18 ದಿನದಿಂದ 254 ದಿನದವರೆಗೆ ವ್ಯತ್ಯಾಸವಿತ್ತು. ನೀರು ಕುಡಿಯುವಂಥ ಸುಲಭ ಕಾರ್ಯಕ್ಕಿಂತ ವ್ಯಾಯಾಮ ರೂಢಿಯಾಗಲು ಹೆಚ್ಚು ಕಾಲ ಹಿಡಿಯಿತು. ಆದುದರಿಂದ ಇಪ್ಪತ್ತೊಂದು ದಿನಗಳಲ್ಲಿ ಅಭ್ಯಾಸ ಕೈಗೂಡುತ್ತದೆಂಬ ಪ್ರಚಾರದ ಮಾತಿಗೆ ಆಧಾರ ಸಾಲದು. ಇಪ್ಪತ್ತೆರಡನೆಯ ದಿನವೂ ಬೆಳಗ್ಗೆ ಏಳುವುದು ಕಷ್ಟವೆನಿಸಿದರೆ ತಮ್ಮಲ್ಲಿಯೇ ದೋಷವಿದೆಯೆಂದು ವಿದ್ಯಾರ್ಥಿಗಳು ಕುಗ್ಗಬೇಕಾಗಿಲ್ಲ. ಇದೇ ಅಧ್ಯಯನದಲ್ಲಿ ಕಂಡ ಇನ್ನೊಂದು ವಿಷಯವೆಂದರೆ, ನಡುವೆ ಒಂದು ದಿನ ತಪ್ಪಿದುದರಿಂದ ರೂಢಿಯ ಬೆಳವಣಿಗೆಗೆ ಗಮನಾರ್ಹವಾದ ಕುಂದು ಬರಲಿಲ್ಲ.

ನಮ್ಮ ನಾಡಿನ ಗರಡಿಮನೆಗಳು ಈ ಸಂಶೋಧನೆಗಳಿಗೆ ಕಾಯದೆ ಇದೇ ತತ್ತ್ವದ ಮೇಲೆ ನಡೆದುಬಂದಿವೆ. ಮೈಸೂರಿನ ಗರಡಿಯೊಂದಕ್ಕೆ ನಸುಕಿನಲ್ಲಿ ಹೋಗಿ ನೋಡಿ. ವೇಳೆ ಗೊತ್ತು, ಸ್ಥಳ ಗೊತ್ತು, ಕೆಮ್ಮಣ್ಣಿನ ವಾಸನೆ ಮೂಗಿಗೆ ಬಡಿದೊಡನೆ ಮೈ ತಾನಾಗಿ ಸಾಮಿಗೆ ಅಣಿಯಾಗುತ್ತದೆ. ದಂಡ ಎಷ್ಟು, ಬಸ್ಕಿ ಎಷ್ಟು ಎಂಬುದನ್ನು ಉಸ್ತಾದರು ಹೇಳುತ್ತಾರೆ. ಇವತ್ತು ಮಾಡಲೋ ಬೇಡವೋ ಎಂಬ ಚರ್ಚೆಗೆ ಅಲ್ಲಿ ಎಡೆಯಿಲ್ಲ. ಬಾರದಿದ್ದರೆ ಜೊತೆಯವನು ಮನೆಯ ಮುಂದೆ ನಿಂತು ಕೂಗುತ್ತಾನೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ, ಅಂಚೆಯ ಮೂಲಕವೂ ಅಂಗಸಾಧನೆಯ ಪಾಠಗಳನ್ನು ಕಳುಹಿಸುತ್ತಿದ್ದ ಕೆ. ವಿ. ಅಯ್ಯರ್ ಅವರನ್ನು ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ದೊಡ್ಡ ಕಾದಂಬರಿಯನ್ನು ಬರೆಯುವುದಕ್ಕೂ ಮೈಯನ್ನು ಕಡೆಯುವುದಕ್ಕೂ ವಿರೋಧವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಏರ್ಪಾಡಿಲ್ಲದ ಕಡೆ ಶಿಸ್ತಿಲ್ಲವೆಂದು ದೂರುವುದು ನ್ಯಾಯವಲ್ಲ. ಆಟದ ಬಯಲಿನಲ್ಲಿ ಕಟ್ಟಡಗಳನ್ನು ಎಬ್ಬಿಸಿ ಮಕ್ಕಳು ಸೋಮಾರಿಗಳಾದರೆಂದು ಮರುಗುವುದು ಹಾಸ್ಯಾಸ್ಪದ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನೂ ನಿಜ. ಎಷ್ಟೋ ಊರುಗಳಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳು ಬೆಳಗ್ಗೆ ಐದೂವರೆಗೆ ಒಂಟಿಯಾಗಿ ಓಡಲು ನಿರ್ಭಯವಾದ ಬೀದಿಯೇ ಇಲ್ಲ. ಕಾಲೇಜಿನ ಬಯಲಿದ್ದರೆ ಅದನ್ನು ಹುಡುಗರೇ ತುಂಬಿರುತ್ತಾರೆ. ಸಂಜೆ ಅರ್ಧ ಗಂಟೆ ಹುಡುಗಿಯರಿಗೆಂದೇ ಬಯಲನ್ನು ಬಿಟ್ಟುಕೊಡುವ ಕಾಲೇಜು ಹತ್ತು ಭಾಷಣಗಳನ್ನು ಏರ್ಪಡಿಸುವ ಕಾಲೇಜಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಅಲ್ಲಿಯವರೆಗೆ ಹಗ್ಗದಾಟ, ಮೆಟ್ಟಿಲು, ಸೂರ್ಯನಮಸ್ಕಾರ ಇವುಗಳಿಗೆ ಒಂದು ಚಾಪೆಯಗಲದ ನೆಲ ಸಾಕು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿರುವಂತೆ ಹದಿನೇಳು ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕು. ಹೃದ್ರೋಗ, ಉಬ್ಬಸ ಮೊದಲಾದುವು ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು.

ಹಾಗಾದರೆ ಹುರುಪಿಗೆ ಆರಂಭದ ನೂಕಿನಾಚೆ ಕೆಲಸವೇ ಇಲ್ಲವೆ? ಉಂಟು, ಆದರೆ ಅದು ಬೇರೆ ಜಾತಿಯ ಹುರುಪು. ವ್ಯಾಯಾಮವನ್ನು ಬಿಡದೆ ವರ್ಷಗಟ್ಟಲೆ ನಡೆಸಿದವರನ್ನು ಕುರಿತ ಅನೇಕ ಅಧ್ಯಯನಗಳಲ್ಲಿ ಒಂದು ಸಮಾನಾಂಶ ತೋರುತ್ತದೆ. ತೂಕ ಇಳಿಯಲಿ, ನಾಲ್ವರು ಮೆಚ್ಚಲಿ ಎಂಬ ಹೊರಗಿನ ಆಸೆಗಳು ಅಲ್ಪಾಯುಗಳು. ಆಟದಲ್ಲಿಯೇ ದೊರೆಯುವ ಸಂತೋಷ, ಕೈ ಪಳಗುತ್ತಿದೆಯೆಂಬ ಅರಿವು, ಜೊತೆಗಾರರ ಒಡನಾಟ ಇವು ದೀರ್ಘಾಯುಗಳು. ಓಟವನ್ನು ದ್ವೇಷಿಸುವವನು ಶಿಸ್ತಿನ ಹೆಸರಿನಲ್ಲಿ ಓಡಬೇಕಾಗಿಲ್ಲ. ಅವನು ಷಟಲ್ ಬ್ಯಾಡ್ಮಿಂಟನ್ ಆಡಲಿ, ಡೊಳ್ಳು ಕುಣಿತ ಕಲಿಯಲಿ. ಡೊಳ್ಳು ಕುಣಿತ ಎಂಥ ಶ್ರಮವೆಂಬುದು ಅದನ್ನು ಕಟ್ಟಿಕೊಂಡವನಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಆಯ್ಕೆಯನ್ನು ಸಂತೋಷ ಮಾಡಲಿ. ಮಾಡಿದ ಮೇಲೆ ವೇಳೆಯನ್ನು ಶಿಸ್ತು ಕಾಯಲಿ.

ಇನ್ನು ದಿನ ತಪ್ಪುವ ವಿಷಯ. ಮದುವೆ, ಜ್ವರ, ಪ್ರಯಾಣ, ಪರೀಕ್ಷೆ ಇವು ಯಾರನ್ನೂ ಬಿಟ್ಟಿಲ್ಲ. ಒಂದು ದಿನ ತಪ್ಪುವುದರಿಂದ ತೊಟ್ಟಿಗೆ ಆಗುವ ನಷ್ಟ ಅಲ್ಪ; ಅದನ್ನೇ ನೆವವಾಗಿ ಹಿಡಿದು ಹೇಗೂ ಕೆಟ್ಟಿತೆಂದು ಪೂರ್ತಿ ಬಿಟ್ಟುಬಿಡುವುದರಲ್ಲಿದೆ ನಿಜವಾದ ಅಪಾಯ. ಅಮೆರಿಕದ ವ್ಯಾಯಾಮಶಾಲೆಗಳ ಒಂದು ಸರಣಿಯ 61,293 ಸದಸ್ಯರ ಮೇಲೆ ಮಿಲ್ಕ್‌ಮನ್ ಮೊದಲಾದ ಸಂಶೋಧಕರು 54 ಬಗೆಯ ಉತ್ತೇಜನ ಯೋಜನೆಗಳನ್ನು ನಾಲ್ಕು ವಾರಗಳ ಕಾಲ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲಕ್ಕಿಂತ ಚೆನ್ನಾಗಿ ಫಲಿಸಿದ ಯೋಜನೆಯಲ್ಲಿ, ಒಂದು ಸರದಿ ತಪ್ಪಿಸಿಕೊಂಡವನು ಮತ್ತೆ ಬಂದಾಗ ಅವನಿಗೆ ಪುಡಿಗಾಸಿನಷ್ಟು ಬಹುಮಾನ ಕೊಟ್ಟಿದ್ದರು. ಅದೇ ಅಧ್ಯಯನದ ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ನಾಲ್ಕು ವಾರಗಳು ಮುಗಿದು ಉತ್ತೇಜನ ನಿಂತಮೇಲೂ ಪರಿಣಾಮ ಉಳಿದುದು ಯೋಜನೆಗಳಲ್ಲಿ ನೂರಕ್ಕೆ 8ರಲ್ಲಿ ಮಾತ್ರ. ನಾಲ್ಕು ವಾರವೆಂದರೆ 28 ದಿನ. ಲಾಲಿಯವರ 66ನ್ನು ಜ್ಞಾಪಿಸಿಕೊಂಡರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ವಾಚಕರು ಮನೆಯಲ್ಲಿಯೇ ಮಾಡಬಹುದಾದ ಒಂದು ಪ್ರಯೋಗವನ್ನು ಸೂಚಿಸುತ್ತೇವೆ. ಒಂದು ಗ್ರಾಫ್ ಕಾಗದವನ್ನು ತೆಗೆದುಕೊಂಡು ಅಡ್ಡರೇಖೆಯ ಮೇಲೆ 84 ದಿನಗಳನ್ನು ಗುರುತಿಸಿಕೊಳ್ಳಿ. ಬೆಳಗ್ಗೆ ಎಚ್ಚರವಾದೊಡನೆ, ಹಾಸಿಗೆಯಿಂದ ಏಳುವ ಮೊದಲು, ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಪೂರ್ತಿಯಾಗಿ ಎಣಿಸಿ ಬರೆಯಿರಿ. ಅದರ ಕೆಳಗೆ ಹಿಂದಿನ ದಿನ ಎಷ್ಟು ನಿಮಿಷ ಚುರುಕಾಗಿ ದುಡಿದಿರೆಂಬುದನ್ನು ಗುರುತಿಸಿ. ನಾಡಿಯ ಬಡಿತ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಆದುದರಿಂದ ವಾರದ ಸರಾಸರಿಯನ್ನು ತೆಗೆಯಬೇಕು. ಹೃದಯದ ಒಂದೊಂದು ಬಡಿತದಲ್ಲಿ ಹೊರಡುವ ರಕ್ತ ಹೆಚ್ಚುತ್ತ ಬಂದಂತೆಲ್ಲ ವಿಶ್ರಾಂತಿಯಲ್ಲಿ ಬೇಕಾದ ಬಡಿತಗಳು ಕಡಿಮೆಯಾಗುತ್ತವೆ. ಕ್ರಮವಾಗಿ ಸಾಧನೆ ಮಾಡಿದವರ ರೇಖೆ ಕೆಲವು ವಾರಗಳಲ್ಲಿ ಕೆಳಕ್ಕೆ ಬಾಗಿ, ಅನಂತರ ಚಪ್ಪಟೆಯಾಗುವುದನ್ನು ಸಾಮಾನ್ಯವಾಗಿ ಕಾಣಬಹುದು. ಜ್ವರ ಬಂದ ದಿನ ಮತ್ತು ನಿದ್ದೆಗೆಟ್ಟ ದಿನ ರೇಖೆ ಮೇಲಕ್ಕೆ ನೆಗೆಯುತ್ತದೆ; ಅಂಥ ದಿನಗಳಿಗೆ ಒಂದು ಚುಕ್ಕೆಯ ಗುರುತು ಹಾಕಿರಿ. ವ್ಯಾಯಾಮ ತಪ್ಪಿದ ದಿನಗಳಿಗೆ ಸೊನ್ನೆಯನ್ನೇ ಬರೆಯತಕ್ಕದ್ದು, ಅವುಗಳನ್ನು ಅಳಿಸಕೂಡದು. ಸೊನ್ನೆಯ ಮರುದಿನದ ಚೌಕದಲ್ಲಿ ಏನು ಬರೆದಿದ್ದೇವೆಂಬುದನ್ನು ಹನ್ನೆರಡು ವಾರಗಳ ಕೊನೆಯಲ್ಲಿ ಪ್ರತ್ಯೇಕವಾಗಿ ಎಣಿಸಿ ನೋಡಬೇಕು.